ಹಣ ಪಡೆಯಲು ಪಿನ್ ಒತ್ತಿದವರು: ತಪ್ಪು ಬೆರಳಿನದೋ, ಪರದೆಯದೋ?

ಬೆಂಗಳೂರು: 2025ರ ಅಕ್ಟೋಬರ್ 1ರಂದು ದೇಶದ ಕೋಟ್ಯಂತರ ಮೊಬೈಲ್ ಫೋನುಗಳಿಂದ ಒಂದು ಸೌಲಭ್ಯ ಸದ್ದಿಲ್ಲದೆ ನಿರ್ಗಮಿಸಿತು. ಬಹುತೇಕ ಬಳಕೆದಾರರಿಗೆ ಅದು ಇದ್ದದ್ದೂ ಗೊತ್ತಿರಲಾರದು, ಹೋದದ್ದೂ ತಿಳಿದಿರಲಾರದು. ಯುಪಿಐ ವ್ಯವಸ್ಥೆಯಲ್ಲಿ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ‘ಇಷ್ಟು ಹಣ ಕಳುಹಿಸಿ’ ಎಂದು ಕೋರಿಕೆ ಸಲ್ಲಿಸುವ ಸೌಲಭ್ಯವದು. ಬ್ಯಾಂಕಿನವರ ಮಾತಿನಲ್ಲಿ ಹೇಳುವುದಾದರೆ ‘ಕಲೆಕ್ಟ್ ರಿಕ್ವೆಸ್ಟ್’. ಭಾರತೀಯ ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ಆ ವರ್ಷದ ಜುಲೈ ಕೊನೆಯಲ್ಲಿ ಹೊರಡಿಸಿದ ಸುತ್ತೋಲೆಯ ಮೂಲಕ ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಇಂತಹ ಕೋರಿಕೆಗಳಿಗೆ ತೆರೆ ಎಳೆಯಿತು. ವ್ಯಾಪಾರಿ ಸಂಸ್ಥೆಗಳು ಗ್ರಾಹಕರಿಗೆ ಕಳುಹಿಸುವ ಕೋರಿಕೆಗಳಿಗೆ ಆಗ ಈ ನಿಷೇಧ ಅನ್ವಯಿಸಲಿಲ್ಲ.

ಸುದ್ದಿಯ ಲೆಕ್ಕದಲ್ಲಿ ಇದು ಒಳಪುಟದ ಎರಡು ಪ್ಯಾರಾಗಳ ಸಂಗತಿ. ಆದರೆ ಆ ಎರಡು ಪ್ಯಾರಾಗಳ ಹಿಂದೆ ಒಂಬತ್ತು ವರ್ಷಗಳ ಚರಿತ್ರೆಯಿದೆ. ಅಷ್ಟೂ ವರ್ಷ ಬ್ಯಾಂಕುಗಳು, ಪೊಲೀಸರು, ಜಾಹೀರಾತುಗಳು ಜನರಿಗೆ ಒಂದೇ ಮಾತನ್ನು ಹೇಳುತ್ತ ಬಂದಿದ್ದವು: ‘ಹಣ ಪಡೆಯಲು ಪಿನ್ ಬೇಕಿಲ್ಲ, ಎಚ್ಚರದಿಂದಿರಿ.’ ಎಚ್ಚರ ತಪ್ಪಿದವರು ಹಣ ಕಳೆದುಕೊಂಡರು. ಕಳೆದುಕೊಂಡವರಿಗೆ ಅಜಾಗರೂಕರೆಂಬ ಹಣೆಪಟ್ಟಿಯೂ ಸಿಕ್ಕಿತು. ಕಡೆಗೆ ವಂಚನೆಯ ಈ ಬಾಗಿಲು ಮುಚ್ಚಿದ್ದು ಎಚ್ಚರಿಕೆಯ ಮಾತಿನಿಂದಲ್ಲ, ಸೌಲಭ್ಯವನ್ನೇ ಕಿತ್ತುಹಾಕಿದ್ದರಿಂದ. ಹಾಗಿದ್ದರೆ ಇಷ್ಟು ಕಾಲ ತಪ್ಪು ಯಾರದಾಗಿತ್ತು?

ಉತ್ಪನ್ನ ವಿನ್ಯಾಸದ ವಲಯದಲ್ಲಿ ‘ಬಳಕೆದಾರರ ಅನುಭವ’ ಎಂಬ ಮಾತು ಈಗ ಬಹಳ ಚಲಾವಣೆಯಲ್ಲಿದೆ. ಬೆಂಗಳೂರಿನ ಕಂಪನಿಗಳಲ್ಲಿ ಅದಕ್ಕೆಂದೇ ಪ್ರತ್ಯೇಕ ವಿಭಾಗಗಳಿವೆ, ಪದನಾಮಗಳಿವೆ. ಸಾಮಾನ್ಯವಾಗಿ ಆ ಮಾತು ಬಂದೊಡನೆ ಬಣ್ಣ, ಗುಂಡಿಯ ಆಕಾರ, ಪರದೆಯ ಅಂದಚೆಂದಗಳೇ ಕಣ್ಣಿಗೆ ಕಟ್ಟುತ್ತವೆ. ಯುಪಿಐಯ ಈ ಪ್ರಸಂಗ ಮಾತ್ರ ಬೇರೆಯದನ್ನೇ ಹೇಳುತ್ತದೆ. ಪರದೆಯ ವಿನ್ಯಾಸವೆಂದರೆ, ಎಡವಟ್ಟಾದಾಗ ನಷ್ಟ ಯಾರ ತಲೆಗೆ ಬೀಳಬೇಕೆಂಬ ತೀರ್ಮಾನವೂ ಹೌದು.

ಸೋಫಾ ಮಾರಲು ಹೊರಟವರ ಪಾಡು

ವಂಚನೆಯ ಬಗೆ ಪೊಲೀಸ್ ಠಾಣೆಗಳಿಗೆ ಚಿರಪರಿಚಿತ. ಮನೆಯ ಹಳೆಯ ಸೋಫಾವನ್ನೋ ಮಂಚವನ್ನೋ ಮಾರುವುದಾಗಿ ಯಾರೋ ಅಂತರ್ಜಾಲದಲ್ಲಿ ಜಾಹೀರಾತು ಹಾಕುತ್ತಾರೆ. ಅರ್ಧ ಗಂಟೆಯೊಳಗೆ ಕರೆ ಬರುತ್ತದೆ. ಆ ಕಡೆಯ ವ್ಯಕ್ತಿ ಬಹುತೇಕ ಸಂದರ್ಭಗಳಲ್ಲಿ ಸೈನಿಕನೆಂದು ಹೇಳಿಕೊಳ್ಳುತ್ತಾನೆ, ವರ್ಗಾವಣೆಯಾಗಿ ಬರುತ್ತಿರುವುದಾಗಿ ತಿಳಿಸುತ್ತಾನೆ, ಚೌಕಾಸಿ ಮಾಡದೆ ಒಪ್ಪಿಕೊಳ್ಳುತ್ತಾನೆ. ‘ಮುಂಗಡ ಕಳುಹಿಸುತ್ತಿದ್ದೇನೆ, ಫೋನಿಗೆ ಸೂಚನೆ ಬರುತ್ತದೆ, ಒಪ್ಪಿಗೆ ಕೊಟ್ಟು ಪಿನ್ ಒತ್ತಿ, ಹಣ ನಿಮ್ಮ ಖಾತೆಗೆ ಬೀಳುತ್ತದೆ’ ಎನ್ನುತ್ತಾನೆ. ಸೂಚನೆ ಬಂದೇ ಬರುತ್ತದೆ. ಅದರಲ್ಲಿ ಮೊತ್ತವೂ ಸರಿಯಾಗಿರುತ್ತದೆ. ಪಿನ್ ಒತ್ತಿದ ಮರುಕ್ಷಣ ಮೊತ್ತ ಖಾತೆಗೆ ಬರುವ ಬದಲು ಖಾತೆಯಿಂದ ಹೋಗಿರುತ್ತದೆ. ‘ಏನೋ ತಾಂತ್ರಿಕ ದೋಷ, ಮರಳಿಸುತ್ತೇನೆ, ಇನ್ನೊಮ್ಮೆ ಒತ್ತಿ’ ಎಂದು ಆತ ಮತ್ತೊಂದು ಕೋರಿಕೆ ಕಳುಹಿಸುತ್ತಾನೆ. ಗಾಬರಿಯಲ್ಲಿರುವವರು ಎರಡನೆಯ ಬಾರಿಯೂ ಒತ್ತುತ್ತಾರೆ.

ಕೇಳುವವರಿಗೆ ಇದು ಮೂರ್ಖತನವಾಗಿ ತೋರಬಹುದು. ಹಣ ಬರಲು ಪಿನ್ ಏಕೆ ಬೇಕು ಎಂದು ಒಂದು ಗಳಿಗೆ ಯೋಚಿಸಬಾರದೇ ಎನ್ನಿಸಬಹುದು. ಆದರೆ ಪಿನ್ ಎಂಬ ವಸ್ತುವಿನೊಡನೆ ನಮ್ಮ ಜನರಿಗೆ ಮೊದಲ ಪರಿಚಯವಾದದ್ದು ಎಲ್ಲಿ? ಎಟಿಎಂನಲ್ಲಿ. ಅಲ್ಲಿ ನಾಲ್ಕು ಅಂಕಿ ಒತ್ತಿದೊಡನೆ ಆಗುವುದೇನು? ಹಣ ಕೈಗೆ ಬರುತ್ತದೆ! ಇಪ್ಪತ್ತು ವರ್ಷಗಳಿಂದ ಎಟಿಎಂ ಬಳಸಿದ ನಿವೃತ್ತ ಶಿಕ್ಷಕರ ಮಟ್ಟಿಗೆ ಪಿನ್ ಎಂದರೆ ತನ್ನ ಹಣವನ್ನು ತನ್ನ ಕೈಗೆ ತಂದುಕೊಡುವ ಗುಟ್ಟಿನ ಸಂಖ್ಯೆ. ಅಡುಗೆ ಅನಿಲದ ಸಿಲಿಂಡರ್ ಪಡೆಯಲೂ ಸಂಖ್ಯೆ ಹೇಳಬೇಕು, ಕೊರಿಯರ್ ಪೊಟ್ಟಣ ಪಡೆಯಲೂ ಒಮ್ಮೊಮ್ಮೆ ಸಂಖ್ಯೆ ಹೇಳಬೇಕು. ಯಾವುದನ್ನಾದರೂ ಪಡೆಯಬೇಕಾದರೆ ಗುಟ್ಟಿನ ಅಂಕಿ ಕೊಡಬೇಕೆಂಬುದು ದಿನನಿತ್ಯದ ಅನುಭವ ಕಲಿಸಿದ ಪಾಠ. ಯುಪಿಐ ಮಾತ್ರ ಇದಕ್ಕೆ ತದ್ವಿರುದ್ಧ. ಅಲ್ಲಿ ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದೆಂಬುದೇ ಇಲ್ಲ. ವಂಚಕರು ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಜನರ ಮನಸ್ಸಿನಲ್ಲಿ ಆಗಲೇ ಇದ್ದ ತಿಳಿವಳಿಕೆಯನ್ನು ಬಳಸಿಕೊಂಡರು, ಅಷ್ಟೇ.

ಪರದೆಯಾದರೂ ಈ ತಿಳಿವಳಿಕೆಯನ್ನು ತಿದ್ದಬಹುದಿತ್ತು. ತಿದ್ದಲಿಲ್ಲ. ಯುಪಿಐಯಲ್ಲಿ ಪಿನ್ ನಮೂದಿಸುವ ಪುಟವನ್ನು ಒದಗಿಸುವುದು ಆಯಾ ಆ್ಯಪ್‌ನವರಲ್ಲ, ಎನ್‌ಪಿಸಿಐಯ ಸಾಮಾನ್ಯ ತಂತ್ರಾಂಶ. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯಾದ ಕ್ರಮವೇ; ಪಿನ್ ಆ್ಯಪ್ ಕಂಪನಿಯ ಕೈಗೆ ಸಿಗುವುದಿಲ್ಲ. ಆದರೆ ತರಕಾರಿಯವನಿಗೆ ತಾನಾಗಿ ಹಣ ಕೊಡುವಾಗಲೂ ಅದೇ ಪುಟ, ಅಪರಿಚಿತ ಕಳುಹಿಸಿದ ಕೋರಿಕೆಗೆ ಒಪ್ಪಿಗೆ ಕೊಡುವಾಗಲೂ ಅದೇ ಪುಟ. ಎರಡೂ ಕಡೆ ಒಂದು ಹೆಸರು, ಒಂದು ಮೊತ್ತ, ಕೆಳಗೆ ಅಂಕಿಗಳ ಸಾಲು. ಹಣದ ದಿಕ್ಕು ಯಾವ ಕಡೆಗೆ ಎಂಬ, ಎಲ್ಲಕ್ಕಿಂತ ಮುಖ್ಯವಾದ ಸಂಗತಿಯನ್ನು ಬಳಕೆದಾರ ತಾನೇ ನೆನಪಿಟ್ಟುಕೊಳ್ಳಬೇಕಿತ್ತು.

ಹಾಗೆಂದು ಕೋರಿಕೆಯ ಸೌಲಭ್ಯವನ್ನು ದುರುದ್ದೇಶದಿಂದ ರೂಪಿಸಲಾಯಿತೆಂದು ಹೇಳುವಂತಿಲ್ಲ. 2016ರ ಏಪ್ರಿಲ್ 11ರಂದು ಆಗಿನ ರಿಸರ್ವ್ ಬ್ಯಾಂಕ್ ಗವರ್ನರ್ ರಘುರಾಂ ರಾಜನ್ ಅವರು ಯುಪಿಐಗೆ ಚಾಲನೆ ನೀಡಿದಾಗ, ಹಣ ಕಳುಹಿಸುವುದರ ಜತೆಗೆ ಹಣ ಕೇಳಲೂ ಸಾಧ್ಯವೆಂಬುದು ಅದರ ಹೆಗ್ಗಳಿಕೆಗಳಲ್ಲಿ ಒಂದಾಗಿತ್ತು. ಹೋಟೆಲಿನ ಬಿಲ್ಲನ್ನು ಗೆಳೆಯರ ನಡುವೆ ಹಂಚಿಕೊಳ್ಳಲು, ಕೊಟ್ಟ ಕೈಸಾಲವನ್ನು ಮುಜುಗರವಿಲ್ಲದೆ ನೆನಪಿಸಲು ಅದು ಅನುಕೂಲವೆಂಬ ಎಣಿಕೆಯಿತ್ತು. ವಿನ್ಯಾಸಕಾರರ ಕಣ್ಣ ಮುಂದಿದ್ದದ್ದು ಒಬ್ಬರನ್ನೊಬ್ಬರು ಬಲ್ಲ, ಆ್ಯಪ್ ಭಾಷೆ ಅರಿತ ನಗರದ ಯುವಜನ. ಏಳು ತಿಂಗಳಿಗೆಲ್ಲ ನೋಟು ರದ್ದತಿ ಬಂತು. ಯುಪಿಐ ಆ ಗೆಳೆಯರ ಬಳಗವನ್ನು ದಾಟಿ ಸಂತೆಗೆ, ಸಿಟಿ ಬಸ್ಸಿಗೆ, ದೇವಸ್ಥಾನದ ಹುಂಡಿಗೆ ತಲುಪಿತು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿಗೂ ಹೆಚ್ಚು ವಹಿವಾಟುಗಳು ನಡೆದವು. ಅವುಗಳ ಒಟ್ಟು ಮೊತ್ತ ಸುಮಾರು 24.85 ಲಕ್ಷ ಕೋಟಿ ರೂಪಾಯಿ. ಬಳಸುವವರು ಬದಲಾದರು, ಪರದೆ ಬದಲಾಗಲಿಲ್ಲ. ನಡುವೆ ವ್ಯಕ್ತಿಗತ ಕೋರಿಕೆಗೆ 2,000 ರೂಪಾಯಿಗಳ ಮಿತಿ ಹಾಕಲಾಯಿತಾದರೂ ಮೂಲ ಗೊಂದಲ ಹಾಗೆಯೇ ಉಳಿಯಿತು. ಎರಡು ಸಾವಿರದಂತೆ ನಾಲ್ಕು ಬಾರಿ ಒತ್ತಿಸಿಕೊಳ್ಳುವುದು ಮಾತುಬಲ್ಲ ವಂಚಕನಿಗೆ ಕಷ್ಟದ ಕೆಲಸವೇನಲ್ಲ.

ಬಲ್ಲವರೂ ಬೀಳುವ ಗುಂಡಿ

‘ತಿಳಿವಳಿಕೆ ಇಲ್ಲದವರಷ್ಟೇ ಮೋಸಹೋಗುತ್ತಾರೆ’ ಎಂಬ ವಾದ ಎಷ್ಟು ಟೊಳ್ಳೆಂಬುದಕ್ಕೆ 2020ರ ಆಗಸ್ಟ್‌ನಲ್ಲಿ ಅಮೆರಿಕದ ಸಿಟಿ ಬ್ಯಾಂಕಿನಲ್ಲಿ ನಡೆದ ಪ್ರಕರಣವೇ ಸಾಕ್ಷಿ. ರೆವ್ಲಾನ್ ಎಂಬ ಪ್ರಸಾಧನ ಸಾಮಗ್ರಿ ಕಂಪನಿಗೆ ಸಾಲ ಕೊಟ್ಟಿದ್ದವರಿಗೆ ಬ್ಯಾಂಕು ಸುಮಾರು 78 ಲಕ್ಷ ಡಾಲರ್ ಬಡ್ಡಿಯನ್ನು ರವಾನಿಸಬೇಕಿತ್ತು. ರವಾನೆಯಾದದ್ದು ಸುಮಾರು 90 ಕೋಟಿ ಡಾಲರ್! ಬಳಸುತ್ತಿದ್ದ ತಂತ್ರಾಂಶ ಫ್ಲೆಕ್ಸ್‌ಕ್ಯೂಬ್. ಐ-ಫ್ಲೆಕ್ಸ್ ಎಂಬ ಭಾರತೀಯ ಕಂಪನಿ ಬೆಳೆಸಿ, ಮುಂದೆ ಒರಾಕಲ್ ತೆಕ್ಕೆಗೆ ಹೋದದ್ದು. ಅಸಲು ಮೊತ್ತ ಹೊರಗೆ ಹೋಗದೆ ಬ್ಯಾಂಕಿನ ಆಂತರಿಕ ಖಾತೆಯಲ್ಲೇ ಉಳಿಯಬೇಕಾದರೆ ಪರದೆಯ ಮೇಲಿನ ಮೂರು ಚೌಕಗಳಿಗೆ ಗುರುತು ಹಾಕಬೇಕಿತ್ತು. ಸಿಬ್ಬಂದಿ ಹಾಕಿದ್ದು ಒಂದಕ್ಕೆ. ‘ಅಸಲು’ ಎಂದು ಬರೆದಿದ್ದ ಚೌಕಕ್ಕೆ ಗುರುತು ಹಾಕಿದರೆ ಅಸಲು ಉಳಿಯುತ್ತದೆ ಎಂದು ಅವರು ಭಾವಿಸಿದ್ದರು. ಉಳಿದೆರಡು ಚೌಕಗಳ ಹೆಸರು ನೋಡಿ ಅವಕ್ಕೂ ಇದಕ್ಕೂ ಸಂಬಂಧವಿದೆಯೆಂದು ಊಹಿಸುವುದು ಯಾರಿಗೂ ಸುಲಭವಿರಲಿಲ್ಲ. ಭಾರತದಲ್ಲಿ ಕುಳಿತು ಕೆಲಸ ಮಾಡುತ್ತಿದ್ದವರೂ ಸೇರಿ ಮೂವರು ಒಬ್ಬರಾದ ಮೇಲೊಬ್ಬರು ಪರಿಶೀಲಿಸಿದರು. ಮೂವರಿಗೂ ಅದು ಸರಿಯೆಂದೇ ಕಂಡಿತು.

ಸುಮಾರು 50 ಕೋಟಿ ಡಾಲರ್ ಮರಳಿ ಬರದೆ ಬ್ಯಾಂಕು ನ್ಯಾಯಾಲಯದ ಮೆಟ್ಟಿಲೇರಿತು. 2021ರ ಫೆಬ್ರುವರಿಯಲ್ಲಿ ಸೋತಿತು, 2022ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದಿತು. ಅದೇನೇ ಇರಲಿ, ಮೂರು ಜೋಡಿ ಪಳಗಿದ ಕಣ್ಣುಗಳನ್ನು ಒಂದು ಪರದೆ ಏಮಾರಿಸಬಲ್ಲದಾದರೆ, ಸೋಫಾ ಮಾರಲು ಹೊರಟ ಗೃಹಿಣಿಯನ್ನು ದೂರುವುದು ಯಾವ ನ್ಯಾಯ? ಸಿಟಿ ಬ್ಯಾಂಕಿಗೆ ನ್ಯಾಯಾಲಯಕ್ಕೆ ಹೋಗುವ ಶಕ್ತಿಯಿತ್ತು. ಎರಡು ಸಾವಿರ ಕಳೆದುಕೊಂಡವರಿಗೆ ಠಾಣೆಗೆ ಹೋಗಿಬರುವ ಆಟೋ ಬಾಡಿಗೆಯೂ ಹೆಚ್ಚುವರಿ ನಷ್ಟವೇ.

ಈ ಬಗೆಯ ಚಿಂತನೆಗೆ ಶಾಸ್ತ್ರೀಯ ರೂಪ ಕೊಟ್ಟವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ನಾರ್ಮನ್ ಪ್ರಮುಖರು. 1990ರ ದಶಕದಲ್ಲಿ ಆ್ಯಪಲ್ ಕಂಪನಿಯಲ್ಲಿದ್ದಾಗ ‘ಬಳಕೆದಾರರ ಅನುಭವ’ ಎಂಬ ಮಾತನ್ನು ತಮ್ಮ ಪದನಾಮದಲ್ಲೇ ಸೇರಿಸಿಕೊಂಡು ಬಳಕೆಗೆ ತಂದವರು ಅವರು. ಅವರನ್ನು ಈ ದಾರಿಗೆ ಹಚ್ಚಿದ ಘಟನೆಗಳಲ್ಲಿ ಒಂದು, 1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಸಂಭವಿಸಿದ ಅಪಘಾತ. ಅಲ್ಲಿ ಒಂದು ಕವಾಟ ಮುಚ್ಚಿಕೊಳ್ಳದೆ ತೆರೆದೇ ಉಳಿದಿತ್ತು. ನಿಯಂತ್ರಣ ಕೊಠಡಿಯ ದೀಪ ಮಾತ್ರ ಎಲ್ಲವೂ ಸರಿಯಿದೆ ಎಂಬಂತೆ ಆರಿತ್ತು. ಏಕೆಂದರೆ ಆ ದೀಪ ತೋರಿಸುತ್ತಿದ್ದದ್ದು ಕವಾಟದ ಸ್ಥಿತಿಯನ್ನಲ್ಲ, ‘ಮುಚ್ಚಿಕೋ’ ಎಂಬ ಆದೇಶ ಹೋಗಿದೆಯೋ ಇಲ್ಲವೋ ಎಂಬುದನ್ನು. ಆದೇಶ ಹೋಗಿತ್ತು, ಕೆಲಸ ಆಗಿರಲಿಲ್ಲ. ಆರಂಭದಲ್ಲಿ ಎಲ್ಲರ ಬೆರಳು ತಿರುಗಿದ್ದು ಕೆಲಸಗಾರರತ್ತ. ಬಳಿಕ ಪರಿಶೀಲಿಸಿದ ತಜ್ಞರಲ್ಲಿ ನಾರ್ಮನ್ ಕೂಡ ಇದ್ದರು. ಆ ಕೊಠಡಿಯ ವಿನ್ಯಾಸವೇ ತಪ್ಪು ಮಾಡಿಸುವಂತಿತ್ತೆಂಬ ನಿಲುವಿಗೆ ಅವರು ಬಂದರು.

ಆದೇಶ ಹೋಗಿದೆ, ಕೆಲಸ ಆಗಿಲ್ಲ. ಈ ಮಾತು ಅಣುಸ್ಥಾವರಕ್ಕಷ್ಟೇ ಸೀಮಿತವೆಂದು ಭಾವಿಸಬೇಕಿಲ್ಲ. ಗಾಂಧಿಬಜಾರಿನ ಹಣ್ಣಿನ ಅಂಗಡಿಯ ಮುಂದೆ ಗ್ರಾಹಕ ತನ್ನ ಫೋನನ್ನು ಎತ್ತಿ ತೋರಿಸಿ ‘ಹೋಯ್ತು ನೋಡಿ’ ಎನ್ನುವಾಗಲೂ ಸಮಸ್ಯೆ ಅದೇ. ಫೋನಿನ ಪರದೆ ಹೇಳುವುದು ಹಣ ಹೊರಟ ಸುದ್ದಿಯನ್ನು. ಅಂಗಡಿಯವನಿಗೆ ಬೇಕಾದದ್ದು ಬಂದ ಸುದ್ದಿ.

ಮಾತಾಡುವ ಡಬ್ಬಿ

ಯುಪಿಐ ವಿನ್ಯಾಸದಲ್ಲಿ ಎಲ್ಲವೂ ಎಡವಿದೆಯೆಂದಲ್ಲ. ಇದೇ ವ್ಯವಸ್ಥೆಯ ಸುತ್ತ, ಬಳಕೆದಾರನನ್ನು ಅರಿತು ರೂಪಿಸಿದ ಅಪರೂಪದ ಉತ್ಪನ್ನವೊಂದೂ ಹುಟ್ಟಿತು. ಪೇಟಿಎಂ 2019ರಲ್ಲಿ ಪರಿಚಯಿಸಿದ, ಬಳಿಕ ಉಳಿದ ಕಂಪನಿಗಳೂ ಅನುಸರಿಸಿದ ಸೌಂಡ್‌ಬಾಕ್ಸ್ ಅದು.

ಅದಕ್ಕೂ ಮೊದಲು ಅಂಗಡಿಯವರ ಸ್ಥಿತಿ ಹೇಗಿತ್ತೆಂಬುದನ್ನು ನೆನಪಿಸಿಕೊಳ್ಳಬೇಕು. ಕ್ಯೂಆರ್ ಕೋಡ್ ಗೋಡೆಗೆ ಅಂಟಿಸಿಯಾಗಿತ್ತು. ಗ್ರಾಹಕರಿಗೆ ಹಣ ಕೊಡುವುದು ಸಲೀಸಾಗಿತ್ತು. ಪಡೆಯುವವನ ಪಾಡು ಮಾತ್ರ ಯಾರಿಗೂ ಬೇಡ. ಸಂಜೆ ಏಳರ ಹೊತ್ತಿನಲ್ಲಿ ಪಾನಿಪೂರಿ ಗಾಡಿಯವನ ಎರಡೂ ಕೈ ನೀರಿನಲ್ಲಿ. ಫೋನ್ ಜೇಬಿನಲ್ಲಿ, ಕೆಲವೊಮ್ಮೆ ಖಾತೆಗೆ ಜೋಡಿಸಿದ ಫೋನ್ ಊರಲ್ಲಿರುವ ಅಣ್ಣನ ಬಳಿ. ಬ್ಯಾಂಕಿನ ಸಂದೇಶ ಬಂದರೆ ಬಂತು, ಇಲ್ಲವಾದರೆ ಇಲ್ಲ. ಬಂದರೂ ಇಂಗ್ಲಿಷಿನಲ್ಲಿ. ಹತ್ತು ಜನ ಸುತ್ತ ನಿಂತಿರುವಾಗ ಯಾರು ಕೊಟ್ಟರು, ಯಾರು ಕೊಟ್ಟಂತೆ ನಟಿಸಿದರು? ಹಿಂದಿನ ದಿನದ ಪಾವತಿಯ ಚಿತ್ರವನ್ನೇ ತೋರಿಸಿ ಹೋಗುವವರಿದ್ದರು. ಪಾವತಿಯಾದಂತೆ ಕಾಣುವ ಪರದೆಯನ್ನು ಸೃಷ್ಟಿಸಿಕೊಡುವ ನಕಲಿ ಆ್ಯಪ್‌ಗಳೂ ಬಂದವು. ಗ್ರಾಹಕನ ಮುಖ ನೋಡಿ ನಂಬಬೇಕು, ಇಲ್ಲವೇ ಅನುಮಾನಿಸಿ ಅವಮಾನಿಸಬೇಕು. ಇಪ್ಪತ್ತು ರೂಪಾಯಿಯ ವ್ಯಾಪಾರಕ್ಕೆ ಎರಡೂ ದುಬಾರಿ.

ಸೌಂಡ್‌ಬಾಕ್ಸ್ ಇದಕ್ಕೆ ಕೊಟ್ಟ ಉತ್ತರ ಬೆರಗುಗೊಳಿಸುವಷ್ಟು ಸರಳ. ಅದರಲ್ಲಿ ಒತ್ತಬೇಕಾದದ್ದು ಏನೂ ಇಲ್ಲವೆನ್ನುವಷ್ಟು ಕಡಿಮೆ, ಓದಬೇಕಾದ ಅಗತ್ಯವಂತೂ ಇಲ್ಲ. ಒಳಗೊಂದು ಸಿಮ್ ಇರುವುದರಿಂದ ಅಂಗಡಿಯವನ ಫೋನಿನ ಹಂಗಿಲ್ಲ. ಹಣ ಬಂದಾಗ ಇಷ್ಟು ರೂಪಾಯಿ ಬಂದಿದೆಯೆಂದು ಗಟ್ಟಿಯಾಗಿ ಹೇಳುತ್ತದೆ, ಕನ್ನಡದಲ್ಲೂ ಹೇಳುತ್ತದೆ. ಗಲಾಟೆಯ ಮಾರುಕಟ್ಟೆಯಲ್ಲಿ, ಗ್ರಾಹಕನಿಗೆ ಬೆನ್ನು ತಿರುಗಿಸಿ ದೋಸೆ ಹುಯ್ಯುತ್ತಿರುವವನಿಗೂ ಕೇಳಿಸುತ್ತದೆ. ಕೊಟ್ಟವನಿಗೂ ಕೇಳಿಸುವುದರಿಂದ ‘ಬಂತಾ?’ ‘ಬಂತು’ ಎಂಬ ಸಂಭಾಷಣೆಯೇ ಅನಗತ್ಯವಾಯಿತು. ಅಂಗಡಿಯ ಕ್ಯೂಆರ್ ಮೇಲೆ ಕಿಡಿಗೇಡಿಗಳು ತಮ್ಮದನ್ನು ಅಂಟಿಸಿದರೆ ಡಬ್ಬಿಯ ಮೌನವೇ ಮೊದಲ ದೂರು. ಅಣುಸ್ಥಾವರದ ದೀಪ ಮಾಡದಿದ್ದ ಕೆಲಸವನ್ನು, ಅಂದರೆ ಆದೇಶವನ್ನಲ್ಲದೆ ಫಲವನ್ನು ವರದಿ ಮಾಡುವ ಕೆಲಸವನ್ನು, ಈ ಪುಟ್ಟ ಡಬ್ಬಿ ಮಾಡುತ್ತದೆ.

ಸಂಕೋಚದ ಸಂಗತಿಗಳೂ ಇಲ್ಲದಿಲ್ಲ. ದಿನದ ವ್ಯಾಪಾರ ಪಕ್ಕದ ಅಂಗಡಿಗೂ ಕೇಳಿಸುತ್ತದೆ. ಅಂದ ಹಾಗೆ, 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿದಾಗ ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಫಲಕ ತೂಗಿತು. ವಿನ್ಯಾಸ ಗಳಿಸಿದ ವಿಶ್ವಾಸವನ್ನು ಬೇರೆ ಕಾರಣಗಳು ಅಲುಗಿಸಬಲ್ಲವು. ಅದು ಬೇರೆಯದೇ ಚರ್ಚೆ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಗಳಿಂದ ಶುಲ್ಕ ಪಡೆಯುವಂತಿರಲಿಲ್ಲ. ಡಬ್ಬಿಗೆ ಮಾತ್ರ ತಿಂಗಳ ಬಾಡಿಗೆ ವಸೂಲಿ ಮಾಡಬಹುದಿತ್ತು. ಪುಕ್ಕಟೆ ಪಾವತಿಗೆ ಒಗ್ಗಿದ ವ್ಯಾಪಾರಿಗಳು ಡಬ್ಬಿಯ ಬಾಡಿಗೆಯನ್ನು ಕೊಟ್ಟರು; ಏಕೆಂದರೆ ಅದು ಅವರ ನಿಜವಾದ ತಲೆನೋವಿಗೆ ಮದ್ದಾಗಿತ್ತು. ಕಂಪನಿಗಳು ಅದನ್ನು ವರ್ಷವರ್ಷವೂ ತಿದ್ದಿ ತೀಡಿದವು. ಏಕೆಂದರೆ ಅಲ್ಲಿ ಆದಾಯವಿತ್ತು. ವಂಚಕನ ಕೋರಿಕೆಗೆ ಪಿನ್ ಒತ್ತುವ ಗೃಹಿಣಿಯ ಪರದೆಯನ್ನು ತಿದ್ದಿದ್ದರೆ ಯಾರ ಆದಾಯವೂ ಹೆಚ್ಚುತ್ತಿರಲಿಲ್ಲ. ಒಂದು ಪರದೆ ಬೇಗ ಸುಧಾರಿಸುವುದಕ್ಕೂ ಇನ್ನೊಂದು ಒಂಬತ್ತು ವರ್ಷ ಕಾಯುವುದಕ್ಕೂ ಇರುವ ವ್ಯತ್ಯಾಸವನ್ನು ವಿನ್ಯಾಸದ ಪಠ್ಯಪುಸ್ತಕಗಳಲ್ಲಿ ಹುಡುಕಬೇಕಿಲ್ಲ, ಲೆಕ್ಕದ ಪುಸ್ತಕದಲ್ಲಿ ಹುಡುಕಿದರೆ ಸಾಕು.

ತಡವಾಗಿ ಬಂದ ತಿದ್ದುಪಡಿಗಳು

2025ನೇ ಇಸವಿಯಲ್ಲಿ ಸುಧಾರಣೆಗಳು ಒಟ್ಟೊಟ್ಟಿಗೆ ಬಂದವು. ಹಣ ಕಳುಹಿಸುವ ಮುನ್ನ ಪರದೆಯಲ್ಲಿ ಕಾಣುವ ಹೆಸರು ಪಡೆಯುವವನ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರೇ ಆಗಿರಬೇಕು, ಫೋನಿನಲ್ಲಿ ಉಳಿಸಿಕೊಂಡ ಅಡ್ಡಹೆಸರೋ ಕ್ಯೂಆರ್ ಕೋಡಿನೊಳಗಿನ ಹೆಸರೋ ಆಗಬಾರದು ಎಂದು ಎನ್‌ಪಿಸಿಐ ನಿರ್ದೇಶಿಸಿತು. ಜೂನ್ 30 ಅದಕ್ಕೆ ಗಡುವಾಗಿತ್ತು. ಕೇಳಲು ಸಣ್ಣ ಸಂಗತಿ. ಆದರೆ ಕೊನೆಯ ಕ್ಷಣದಲ್ಲಿ ಬಳಕೆದಾರನ ಕೈ ತಡೆಯಬಲ್ಲ ಏಕೈಕ ಸುಳಿವು ಆ ಹೆಸರು. ಎಟಿಎಂಗಳ ಚರಿತ್ರೆಯಲ್ಲೂ ಇಂತಹದ್ದೇ ಒಂದು ತಿದ್ದುಪಡಿಯಿದೆ. ಮೊದಮೊದಲು ಯಂತ್ರಗಳು ನೋಟು ಕೊಟ್ಟ ಮೇಲೆ ಕಾರ್ಡು ಹಿಂದಿರುಗಿಸುತ್ತಿದ್ದವು. ಬಂದ ಕೆಲಸ ಮುಗಿಯಿತೆಂದು ಜನ ಕಾರ್ಡು ಮರೆತು ಹೊರಡುತ್ತಿದ್ದರು. ‘ಕಾರ್ಡು ಮರೆಯದಿರಿ’ ಎಂಬ ಫಲಕಗಳಿಗಿಂತ ಕಾರ್ಡನ್ನು ಮೊದಲು ಕೊಟ್ಟು ನೋಟನ್ನು ನಂತರ ಕೊಡುವ ಬದಲಾವಣೆಯೇ ಹೆಚ್ಚು ಕೆಲಸ ಮಾಡಿತು.

ಅದೇ ವರ್ಷದ ಆಗಸ್ಟ್ 1ರಿಂದ ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಬಾರಿ ಮಾತ್ರ ಖಾತೆಯ ಬಾಕಿ ನೋಡಬಹುದೆಂಬ ಮಿತಿ ಬಂತು. ಮಾರ್ಚ್ ಕೊನೆ ಹಾಗೂ ಏಪ್ರಿಲ್‌ನಲ್ಲಿ ವ್ಯವಸ್ಥೆ ಪದೇ ಪದೇ ಸ್ಥಗಿತಗೊಂಡ ಹಿನ್ನೆಲೆಯಲ್ಲಿ ಹೊರೆ ತಗ್ಗಿಸುವ ಕ್ರಮವಿದು. ಆದರೆ ಜನ ಮತ್ತೆ ಮತ್ತೆ ಬಾಕಿ ನೋಡುವುದಾದರೂ ಏಕೆ? ಪಾವತಿ ಆಯಿತೋ ಇಲ್ಲವೋ ಎಂಬುದನ್ನು ಪರದೆ ಖಚಿತವಾಗಿ ಹೇಳದಿದ್ದಾಗ ಬಾಕಿ ನೋಡಿಯೇ ತಿಳಿಯಬೇಕು. ರೋಗಲಕ್ಷಣಕ್ಕೆ ಮಿತಿ ಹಾಕಿದಂತಾಯಿತೇ ಹೊರತು ರೋಗಕ್ಕಲ್ಲ. ಖಾತೆಯಿಂದ ಹಣ ಕಡಿತವಾಗಿಯೂ ಎದುರಿನವರಿಗೆ ತಲುಪದಿದ್ದರೆ ಇಂತಿಷ್ಟು ದಿನಗಳೊಳಗೆ ಅದು ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲೇ ಆದೇಶಿಸಿದೆ. ಕೌಂಟರಿನ ಮುಂದೆ ಬೆವರುತ್ತ ನಿಂತವನಿಗೆ ಆ ಕ್ಷಣದಲ್ಲಿ ಬೇಕಾದ ಮಾಹಿತಿ ಇದು.

ಭಾಷೆಯ ವಿಚಾರಕ್ಕೆ ಬಂದರೆ, ಆ್ಯಪ್‌ಗಳಲ್ಲಿ ಕನ್ನಡವಿದೆ ಎಂಬುದು ನಿಜ. ಆದರೆ ಅನುವಾದವೇ ವಿನ್ಯಾಸವಲ್ಲ. ಬ್ಯಾಂಕಿನ ಸಂದೇಶದಲ್ಲಿ ಹಣ ಹೋದದ್ದಕ್ಕೆ ‘ಡೆಬಿಟೆಡ್’, ಬಂದದ್ದಕ್ಕೆ ‘ಕ್ರೆಡಿಟೆಡ್’. ಇಂಗ್ಲಿಷ್ ಅಷ್ಟಾಗಿ ಬಾರದವರ ಕಣ್ಣಿಗೆ ಎರಡೂ ಅವಳಿಗಳು. ಜಮಾ–ಖರ್ಚು ಎಂಬ ಜೋಡಿಯಲ್ಲಿ ತಲೆತಲಾಂತರದಿಂದ ಲೆಕ್ಕ ಬರೆದ ಕನ್ನಡದ ಅಂಗಡಿಗಳಲ್ಲಿ ಈ ಗೊಂದಲಕ್ಕೆ ಆಸ್ಪದವೇ ಇರಲಿಲ್ಲ. ‘ಕೋರಿಕೆ’, ‘ಅನುಮೋದನೆ’, ‘ಪಾವತಿ’ ಎಂಬ ಕಚೇರಿ ಪದಗಳು ಕನ್ನಡವೇ ಆದರೂ ಯಾರ ಹಣ ಯಾರಿಗೆ ಎಂಬುದನ್ನು ಅವು ಹೇಳುವುದಿಲ್ಲ. ‘ನಿಮ್ಮ ಖಾತೆಯಿಂದ 2,000 ರೂಪಾಯಿ ಹೋಗುತ್ತದೆ’ ಎಂದು ಗುಂಡಿಯ ಮೇಲೆಯೇ ಬರೆದಿದ್ದರೆ ಆ ನಕಲಿ ಸೈನಿಕನ ಮಾತಿನ ವರಸೆ ಅಲ್ಲಿಗೇ ನಿಲ್ಲುತ್ತಿತ್ತು. ಅದಕ್ಕೆ ಬೇಕಾಗಿದ್ದದ್ದು ನಾಲ್ಕೈದು ಪದ.

ಬಳಕೆದಾರನನ್ನು ಕಲ್ಪಿಸಿಕೊಳ್ಳುವಾಗ ಯಾರನ್ನು ಬಿಡಲಾಗುತ್ತದೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ತನಕವೂ ಹೋಗಿದೆ. ಬ್ಯಾಂಕ್ ಖಾತೆ, ಸಿಮ್ ಮುಂತಾದವುಗಳಿಗೆ ಗ್ರಾಹಕರ ಗುರುತು ದೃಢೀಕರಿಸುವಾಗ, ಕ್ಯಾಮೆರಾ ಎದುರು ಇರುವುದು ಜೀವಂತ ವ್ಯಕ್ತಿಯೆಂದು ಖಚಿತಪಡಿಸಲು ಕಣ್ಣು ಮಿಟುಕಿಸುವಂತೆ ಕೇಳುವ ಪದ್ಧತಿಯಿತ್ತು. ಆ್ಯಸಿಡ್ ದಾಳಿಯಲ್ಲಿ ಕಣ್ಣು, ರೆಪ್ಪೆ ಕಳೆದುಕೊಂಡವರು ಮಿಟುಕಿಸುವುದು ಹೇಗೆ? ದೃಷ್ಟಿಯಿಲ್ಲದವರು ಮುಖವನ್ನು ಚೌಕಟ್ಟಿನೊಳಗೆ ಹಿಡಿಯುವುದು ಹೇಗೆ? 2025ರ ಏಪ್ರಿಲ್ 30ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹದೇವನ್ ಅವರ ಪೀಠ, ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿ, ಈ ಪ್ರಕ್ರಿಯೆ ಎಲ್ಲರಿಗೂ ಎಟುಕುವಂತೆ ಮಾಡಲು 20 ನಿರ್ದೇಶನಗಳನ್ನು ನೀಡಿತು. ವಿನ್ಯಾಸಕಾರರ ಮೇಜಿನ ಮೇಲೆ ಬಗೆಹರಿಯಬೇಕಿದ್ದ ವಿಷಯವೊಂದು ಮೂಲಭೂತ ಹಕ್ಕಿನ ವ್ಯಾಜ್ಯವಾಯಿತು.

ರಸ್ತೆ ಉಬ್ಬಿನ ಲೆಕ್ಕ

ಆ್ಯಪ್ ಉದ್ಯಮದ ಮಂತ್ರ ಒಂದೇ: ತಡೆ ಇರಬಾರದು. ಒಂದು ಒತ್ತು ಕಡಿಮೆಯಾದರೆ ಗೆಲುವು, ಒಂದು ಪುಟ ಹೆಚ್ಚಾದರೆ ಸೋಲು. ಹಾಲಿನವನಿಗೆ ಐವತ್ತು ರೂಪಾಯಿ ಕೊಡುವಾಗ ಇದು ಸರಿ. ಸಣ್ಣ ಮೊತ್ತಗಳಿಗೆ ಪಿನ್ ಬೇಡದ ಯುಪಿಐ ಲೈಟ್ 2022ರಲ್ಲಿ ಬಂದಾಗ ಜನ ಸ್ವಾಗತಿಸಿದ್ದೂ ಅದಕ್ಕೇ. ಆದರೆ ಎಂದೂ ವ್ಯವಹರಿಸದ ಅಪರಿಚಿತನಿಗೆ ಮೊದಲ ಬಾರಿ ದೊಡ್ಡ ಮೊತ್ತ ಹೋಗುವಾಗಲೂ ಅದೇ ವೇಗ ಬೇಕೇ? ಶಾಲೆಯ ಮುಂದಿನ ರಸ್ತೆಯಲ್ಲಿ ಉಬ್ಬು ಹಾಕುವುದು ವಾಹನ ಸವಾರರಿಗೆ ಹಿತವಾಗಲೆಂದಲ್ಲ. ಎಲ್ಲ ರಸ್ತೆಗೂ ಉಬ್ಬು ಹಾಕಿದರೆ ಸಂಚಾರ ನಿಲ್ಲುತ್ತದೆ, ಎಲ್ಲಿಯೂ ಹಾಕದಿದ್ದರೆ ಮಕ್ಕಳಿಗೆ ಅಪಾಯ. ಎಲ್ಲಿ ಹಾಕಬೇಕೆಂಬ ವಿವೇಕವೇ ವಿನ್ಯಾಸಕಾರನಿಂದ ನಿರೀಕ್ಷಿಸುವ ಕೆಲಸ. ಬರೀ ವೇಗವನ್ನೇ ಅಳೆಯುವ ಕಂಪನಿಗೆ ಈ ವಿವೇಕ ಲೆಕ್ಕಕ್ಕೆ ಸಿಗುವುದಿಲ್ಲ. ತಡೆದು ನಿಲ್ಲಿಸಿದ ವಂಚನೆ ಯಾವ ನಕ್ಷೆಯಲ್ಲೂ ಏರುಗತಿಯ ಗೆರೆಯಾಗಿ ಕಾಣಿಸುವುದಿಲ್ಲವಲ್ಲ.

ಇನ್ನು ಹಣ ಕಳೆದುಕೊಂಡವರ ವಿಚಾರ. ವಂಚನೆಯಾದೊಡನೆ 1930ಕ್ಕೆ ಕರೆ ಮಾಡಬೇಕೆಂಬುದು ಈಗ ಬಹುತೇಕರಿಗೆ ಗೊತ್ತು. ಗೊತ್ತಿಲ್ಲದ ಮಾತು ಬೇರೆಯಿದೆ. ಅನಧಿಕೃತ ವಹಿವಾಟುಗಳಲ್ಲಿ ಗ್ರಾಹಕರ ಹೊಣೆಯನ್ನು ನಿಗದಿಪಡಿಸಿ ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ಅನೇಕರಿಗೆ ರಕ್ಷಣೆ ಕೊಟ್ಟಿತು. ಆದರೆ ಗ್ರಾಹಕರ ನಿರ್ಲಕ್ಷ್ಯದಿಂದ ನಷ್ಟವಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ಣ ಹೊರೆ ಗ್ರಾಹಕರದೇ ಎಂದೂ ಅದು ಹೇಳಿತು. ತಮ್ಮ ಕೈಯಾರೆ ಪಿನ್ ಒತ್ತಿದವರು ಈ ಸಾಲಿಗೆ ಸೇರಿಬಿಡುವುದು ಸುಲಭ. ಕೋರಿಕೆಯ ಸೌಲಭ್ಯವನ್ನೇ ಈಗ ತೆಗೆದುಹಾಕಿರುವಾಗ, ಅದಿದ್ದ ಕಾಲದಲ್ಲಿ ಅದನ್ನು ನಂಬಿ ಒತ್ತಿದ್ದನ್ನು ನಿರ್ಲಕ್ಷ್ಯವೆಂದು ಕರೆಯುವುದು ಎಷ್ಟು ಸರಿ ಎಂಬ ಪ್ರಶ್ನೆಗೆ ಎನ್‌ಪಿಸಿಐಯ ಸುತ್ತೋಲೆಯಲ್ಲಿ ಜಾಗವಿರಲಿಲ್ಲ.

ಕೋರಿಕೆಗೆ ತೆರೆಬಿದ್ದ ಅದೇ ಅಕ್ಟೋಬರ್ ತಿಂಗಳಲ್ಲಿ ಮುಂಬೈಯಲ್ಲಿ ನಡೆದ ಹಣಕಾಸು ತಂತ್ರಜ್ಞಾನ ಸಮಾವೇಶದಲ್ಲಿ, ಪಿನ್ ಬದಲು ಬೆರಳಚ್ಚು ಅಥವಾ ಮುಖ ತೋರಿಸಿ ಯುಪಿಐ ಪಾವತಿ ಮಾಡುವ ವ್ಯವಸ್ಥೆ ಅನಾವರಣಗೊಂಡಿತು. ಅಂಕಿ ನೆನಪಿಡಲಾಗದ ವೃದ್ಧರಿಗೆ, ದೃಷ್ಟಿಯಿಲ್ಲದವರಿಗೆ ಇದರಿಂದ ನಿಜಕ್ಕೂ ಉಪಕಾರವಾಗಬಹುದು. ಅದೇ ವೇಳೆಗೆ, ನಾಲ್ಕು ಅಂಕಿ ಒತ್ತುವಷ್ಟು ಹೊತ್ತಿನ ಬಿಡುವೂ ಇನ್ನಿಲ್ಲವಾಗುತ್ತದೆ. ಅಂಚೆ ಕಚೇರಿಯಲ್ಲಿ ಪಿಂಚಣಿ ಪಡೆಯಲು, ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯಲು ಹೆಬ್ಬೆಟ್ಟು ಒತ್ತಿ ಅಭ್ಯಾಸವಾದ ಕೈಗಳು ನಮ್ಮಲ್ಲಿ ಲಕ್ಷಾಂತರ ಇವೆ. ಅವರ ಪಾಲಿಗೆ ಬೆರಳು ಒತ್ತುವುದೆಂದರೆ ಏನನ್ನೋ ಪಡೆಯುವುದು.